ಮುಂಜಾನೆ ಐದರ ವೋಲ್ಟೇಜು: ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಆರಿಸಿದ ಪ್ರಕರಣ

ಏಪ್ರಿಲ್ ಕೊನೆಯ ವಾರ. ಅಕ್ಕನ ಮಗ ಒಂದು ಚೀಲ ಹಿಡಿದುಕೊಂಡು ಮನೆಗೆ ಬಂದ. ಚೀಲದಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ಅವನೇ ಕಟ್ಟಿದ ಆಂಪ್ಲಿಫೈಯರ್. ಇಲ್ಲೇ ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಾನೆ, ಎಲೆಕ್ಟ್ರಾನಿಕ್ಸ್, ಎರಡನೇ ವರ್ಷ. ನಾನು ಬಹಳ ವರ್ಷ ರೇಡಿಯೊ, ಟೇಪ್ ರಿಪೇರಿ ಮಾಡಿದವನು. ಹಾಗಾಗಿ ಮನೆಯಲ್ಲಿ ಏನೇ ಸುಟ್ಟರೂ ನನ್ನ ಟೇಬಲ್ಲಿಗೇ ಬರುತ್ತದೆ.

"ಮಾಮಾ, ಹಗಲಿಗೆ ಛಲೋ ಹಾಡ್ತದ. ಮುಂಜಾನಿ ಐದಕ್ಕ ಹಚ್ಚಿದ್ರ ಸಾಯ್ತದ. ಎರಡು ಸಲ ಆಯ್ತು."

ಎರಡು ಸಲ ಅಂದರೆ ಎರಡು ಚಿಪ್ ಹೋಗಿವೆ. ಐದಕ್ಕೆ ಹಚ್ಚುವುದು ಅವನಲ್ಲ, ಅವನ ಮುತ್ಯಾ, ಅಂದರೆ ಅಜ್ಜ. ಬ್ರಹ್ಮಪುರದ ಹಳೇ ಮನೆ ಅದು. ಎದ್ದು ಸ್ನಾನ ಮುಗಿಸಿ, ವಚನ ಕೇಳುತ್ತ ವಿಭೂತಿ ಹಚ್ಚಿಕೊಳ್ಳುವುದು ಮುತ್ಯಾನ ರೂಢಿ. ಆವಾಜ್ ಎಷ್ಟಿಟ್ಟಿದ್ದರು ಅಂತ ಕೇಳಿದೆ. "ಭಾಳ ಸಣ್ಣಗ ಮಾಮಾ, ಅಡುಗೆ ಮನಿಗೂ ಕೇಳ್ತಿರಲಿಲ್ಲ" ಅಂದ.

ಜೋರಾಗಿ ಹಾಡಿಸಿದಾಗ ಆಂಪ್ಲಿಫೈಯರ್ ಸುಟ್ಟರೆ ಅದರಲ್ಲಿ ವಿಶೇಷ ಏನಿಲ್ಲ. ಮಧ್ಯಾಹ್ನ ಗೆಳೆಯರ ಜೊತೆ ಗೋಡೆ ನಡುಗಿಸಿದಾಗ ಬದುಕಿದ್ದು, ಮುಂಜಾನೆ ಪಿಸುಮಾತಿನಷ್ಟು ಆವಾಜಿಗೆ ಸತ್ತಿದೆ. ಇದು ಚಿಪ್ಪಿನ ಕಥೆಯಲ್ಲ, ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ಕಥೆ ಅಂತ ನನಗೆ ಆಗಲೇ ಅನ್ನಿಸಿತು.

ಡಬ್ಬಿಯೊಳಗೆ ಇದ್ದದ್ದು

ಎರಡು ರೆಡಿ ಬೋರ್ಡ್, ಒಂದೊಂದರಲ್ಲೂ ಒಂದು ಟಿಡಿಎ 7294 ಚಿಪ್. ಎಡಕ್ಕೊಂದು, ಬಲಕ್ಕೊಂದು. 4 ಓಮ್‌ನ ಎರಡು ಹಳೇ ಸ್ಪೀಕರ್ ಪೆಟ್ಟಿಗೆ. ಒಂದು ಬ್ರಿಡ್ಜ್ ಡಯೋಡ್, 4700 ಮೈಕ್ರೊಫ್ಯಾರಡ್ 50 ವೋಲ್ಟಿನ ಎರಡು ಕೆಪಾಸಿಟರ್. ಫ್ಯೂಸ್ ಇರಬೇಕಾದ ಜಾಗದಲ್ಲಿ ತಂತಿಯ ಎಳೆ ಸುತ್ತಿದ್ದ. ಅದಕ್ಕೆ ಬೈದೆ, ಆಮೇಲೆ ಮುಂದೆ ನೋಡಿದೆ.

ಟ್ರಾನ್ಸ್‌ಫಾರ್ಮರ್ ಮೇಲೆ ಹಳದಿ ಚೀಟಿ: 28-0-28, 5 ಆಂಪ್. ಅಂದರೆ ನಡು ತಂತಿಯಿಂದ ಆ ಕಡೆಗೆ 28 ವೋಲ್ಟ್, ಈ ಕಡೆಗೆ 28 ವೋಲ್ಟ್. ಅವನಿಗೆ ಇದು ಬೇಕಿರಲಿಲ್ಲವಂತೆ, 24-0-24 ಕೇಳಲು ಹೋಗಿದ್ದ. "ವೋಲ್ಟ್ ಜಾಸ್ತಿ ಇದ್ರ ಆವಾಜ್ ಜಾಸ್ತಿ ಅಂದ್ರು ಅಂಗಡ್ಯಾಗ" ಅಂದ. ಅದು ಅರ್ಧ ನಿಜ. ಅರ್ಧ ನಿಜವಾದ್ದರಿಂದಲೇ ಹುಡುಗರು ಮೋಸ ಹೋಗುತ್ತಾರೆ.

ಆ ಕೆಪಾಸಿಟರ್‌ಗಳ ತಲೆ ನೋಡಿದೆ. ಹೊಸದರ ತಲೆ ಸಪಾಟಾಗಿರುತ್ತದೆ, ನಡುವೆ ಗೀರು ಹಾಕಿರುತ್ತಾರೆ. ಇವೆರಡರ ತಲೆಯೂ ಇಡ್ಲಿ ಥರ ಉಬ್ಬಿತ್ತು. ಬೆರಳಾಡಿಸಿದರೆ ಗೊತ್ತಾಗುವಷ್ಟು. 50 ವೋಲ್ಟಿನ ಕೆಪಾಸಿಟರ್ ಸುಮ್ನೆ ಉಬ್ಬುವುದಿಲ್ಲ, ಅಲ್ವಾ?

ಹುಡುಗನಿಗೆ ಒಂದು ಕೆಲಸ ಹೇಳಿದೆ. ಮೂರು ದಿನ ಮನೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ ಅಂತ ಮೀಟರ್ ಹಿಡಿದು ಬರಿ. ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಮತ್ತೆ ಮುತ್ಯಾ ಏಳುವ ಹೊತ್ತಿಗೆ. "ಐದಕ್ಕ ಏಳಬೇಕಾ?" ಅಂತ ಮುಖ ಸಣ್ಣಗೆ ಮಾಡಿದ. ಏಳಬೇಕು ಅಂದೆ.

ಜರ್ನಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತಂದ. ಮಧ್ಯಾಹ್ನ ಎರಡಕ್ಕೆ 208. ಸಂಜೆ ಏಳೂವರೆಗೆ 204. ರಾತ್ರಿ ಹನ್ನೊಂದಕ್ಕೆ 238. ಮುಂಜಾನೆ ಐದಕ್ಕೆ 256. ಮೂರು ದಿನವೂ ಹೆಚ್ಚೂ ಕಮ್ಮಿ ಇದೇ. ನಮ್ಮ ಬೇಸಿಗೆಯಲ್ಲಿ ಹಗಲಿಡೀ ಓಣಿಯ ಕೂಲರು, ಎಸಿ ಎಲ್ಲ ತಿರುಗುತ್ತಿರುತ್ತವೆ, ಲೈನು ಕುಸಿಯುತ್ತದೆ. ಬೆಳಗಿನ ಜಾವ ತಂಪಾಗಿ ಎಲ್ಲರೂ ಆಫ್ ಮಾಡುತ್ತಾರೆ, ಲೈನು ಮೇಲೇಳುತ್ತದೆ. ಒಂದೇ ಪ್ಲಗ್ಗಿನಲ್ಲಿ ಒಂದೇ ದಿನ 52 ವೋಲ್ಟ್ ಏರಿಳಿತ. ಟ್ರಾನ್ಸ್‌ಫಾರ್ಮರಿನ ಚೀಟಿ ಮಾತ್ರ 230 ಬರುತ್ತದೆ ಅಂತ ನಂಬಿಕೊಂಡು ಕೂತಿರುತ್ತದೆ.

ಚಿಪ್ ಯಾಕೆ ಸತ್ತಿತು

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಚೀಟಿಯ 28 ವೋಲ್ಟ್ ಅಂದರೆ ಪೂರ್ತಿ ಭಾರ (ಲೋಡ್) ಹೊತ್ತಾಗ ಸಿಗಬೇಕಾದ ವೋಲ್ಟ್. ಭಾರ ಇಲ್ಲದಾಗ ಜಾಸ್ತಿಯೇ ಇರುತ್ತದೆ. ಇದರಲ್ಲಿ ಲೈನು 230 ಇದ್ದಾಗ, ಖಾಲಿ, 31.5 ಸಿಕ್ಕಿತು. ಲೈನು 256ಕ್ಕೆ ಹೋದರೆ ಇದೂ ಅದೇ ಪ್ರಮಾಣದಲ್ಲಿ ಏರಿ 35 ಆಗುತ್ತದೆ. ಡಯೋಡ್ ದಾಟಿ ಕೆಪಾಸಿಟರ್ ತುಂಬುವುದು ಎಸಿ ಅಲೆಯ ತುದಿಯ ತನಕ. ಮೀಟರ್ ತೋರಿಸಿದ್ದಕ್ಕೆ 1.414ರಿಂದ ಗುಣಿಸಬೇಕು. 35ಕ್ಕೆ 49.5 ಬಂತು. ಡಯೋಡಿಗೆ ಒಂದು ವೋಲ್ಟ್ ಬಿಟ್ಟರೂ ಪ್ಲಸ್ ಕಡೆ 48, ಮೈನಸ್ ಕಡೆ 48, ಮೇಲೆ ಚಿಲ್ಲರೆ.

ಟಿಡಿಎ 7294ರ ಡೇಟಾಶೀಟ್ ಏನು ಹೇಳುತ್ತದೆ? ಕೆಲಸ ಮಾಡಿಸುವ ಮಿತಿ ಪ್ಲಸ್-ಮೈನಸ್ 40. ಸಿಗ್ನಲ್ ಇಲ್ಲದಾಗಲೂ ದಾಟಲೇಬಾರದ ಗೆರೆ 50. ಅಂದರೆ ಮುತ್ಯಾ ದಿನಾ ಆ ಗೆರೆಯಿಂದ ಒಂದೂವರೆ ವೋಲ್ಟ್ ಈಚೆ ನಿಂತು ವಚನ ಕೇಳುತ್ತಿದ್ದರು. ಲೈನಿನಲ್ಲಿ ಒಂದು ಸಣ್ಣ ಜಿಗಿತ ಬಂದರೂ ಕಥೆ ಮುಗಿಯಿತು. ಆವಾಜ್ ಸಣ್ಣಗಿದ್ದದ್ದು ಇನ್ನೂ ಕೆಟ್ಟದ್ದಾಯಿತು. ಜೋರಾಗಿ ಹಾಡಿಸಿದ್ದರೆ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಬಗ್ಗಿ ವೋಲ್ಟ್ ಇಳಿಯುತ್ತಿತ್ತು. ಸಣ್ಣಗಿಟ್ಟರೆ ಖಾಲಿ ವೋಲ್ಟೇ ನಿಂತುಬಿಡುತ್ತದೆ.

ಲೆಕ್ಕ ನಂಬದವರಿಗೆ ಕಣ್ಣಾರೆ ನೋಡುವುದು ಒಳ್ಳೆಯದು. ನಾನೂ ಒಂದು ದಿನ ಮುಂಜಾನೆ ಸ್ಕೂಟರ್ ಹತ್ತಿ ಹೋದೆ. ಬೋರ್ಡ್‌ಗಳನ್ನು ಬಿಚ್ಚಿಟ್ಟು, ಕೆಪಾಸಿಟರ್ ಬದಲಿಸಿ, ಬರೀ ಸಪ್ಲೈ ಹಚ್ಚಿದೆವು. ಶರಣಬಸವೇಶ್ವರ ಗುಡಿಯ ಕಡೆಯಿಂದ ಗಂಟೆ ಕೇಳುತ್ತಿತ್ತು. ಮೀಟರ್ 48.4 ತೋರಿಸಿತು. ಹುಡುಗ ಅದನ್ನು ನೋಡಿದ, ನನ್ನ ನೋಡಿದ, ಏನೂ ಮಾತಾಡಲಿಲ್ಲ. ಇನ್ನೊಂದು ವಿಷಯ ಅಲ್ಲಿ ಕಿವಿಗೆ ಬಿತ್ತು. ಹಗಲು ಸುಮ್ಮನಿರುವ ಟ್ರಾನ್ಸ್‌ಫಾರ್ಮರ್ ಆಗ ಗುಂಯ್ ಅಂತ ದುಂಬಿಯ ಹಾಗೆ ಹಾಡುತ್ತಿತ್ತು. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಹಗಲಿನ ತೊಂದರೆಯೂ ಒಂದಿತ್ತು, ಅವನು ಅದನ್ನು ತೊಂದರೆ ಅಂತ ಎಣಿಸಿರಲಿಲ್ಲ. ಮಧ್ಯಾಹ್ನ ಜೋರಾಗಿ ಹಾಡಿಸಿದರೆ ಅರ್ಧ ಗಂಟೆಗೆ ಆವಾಜ್ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಬರುತ್ತಿತ್ತಂತೆ. ಚಿಪ್ಪಿನ ಒಳಗೆ 145 ಡಿಗ್ರಿ ಆದರೆ ಅದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. 4 ಓಮ್ ಸ್ಪೀಕರ್ ಕಟ್ಟಿದ ಚಿಪ್ಪಿಗೆ ಪ್ಲಸ್-ಮೈನಸ್ 33 ವೋಲ್ಟ್ ಕೊಟ್ಟರೆ ಒಂದೊಂದು ಚಿಪ್ಪಿನಲ್ಲಿ ಅತಿ ಹೆಚ್ಚು ಅಂದರೆ 55 ವ್ಯಾಟ್ ಬಿಸಿ ಹುಟ್ಟಬಹುದು. ಹೊರಗೆ 42 ಡಿಗ್ರಿ ಇರುವ ಊರಿನಲ್ಲಿ ಅಂಗೈ ಅಗಲದ ಹೀಟ್‌ಸಿಂಕ್ ಅದನ್ನು ಎಲ್ಲಿ ಚೆಲ್ಲಬೇಕು? ಇದೇ ಚಿಪ್ಪಿಗೆ 4 ಓಮ್ ಆದರೆ ಪ್ಲಸ್-ಮೈನಸ್ 27, 8 ಓಮ್ ಆದರೆ 35 ಅಂತ ಡೇಟಾಶೀಟಿನ ಪವರ್ ಅಂಕಿಗಳೇ ಇವೆ. ಸ್ಪೀಕರಿನ ಓಮ್ ನೋಡದೆ ಟ್ರಾನ್ಸ್‌ಫಾರ್ಮರ್ ಕೊಳ್ಳುವುದು, ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಐದು ಆಂಪ್ ಅಲ್ಲದ ಐದು ಆಂಪ್

ವೋಲ್ಟಿನ ಕಥೆ ಆಯಿತು. ಆಂಪ್ ಬಗ್ಗೆಯೂ ನನಗೆ ಗುಮಾನಿ ಇತ್ತು. ಎತ್ತಿದರೆ ಹಗುರ. 28-0-28, 5 ಆಂಪ್ ಅಂದರೆ 56 ಗುಣಿಸು 5, ಒಟ್ಟು 280 ವಿಎ (ವೋಲ್ಟ್-ಆಂಪ್). ಅಷ್ಟು ತಾಕತ್ತಿನ ಇ-ಐ ಪತ್ತಿಯ, ಅಂದರೆ ಇಂಗ್ಲಿಷಿನ E, I ಆಕಾರದ ಕಬ್ಬಿಣದ ತಗಡು ಜೋಡಿಸಿದ, ಟ್ರಾನ್ಸ್‌ಫಾರ್ಮರ್ ನಾಲ್ಕು ಕಿಲೋಗೂ ಮೇಲೆ ತೂಗಬೇಕು. ಮೂಲೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಎರಡು ಕಿಲೋ ತುಂಬಲಿಲ್ಲ. ಅಂಗಡಿಯವರು "ಇದೇನ್ರಿ, ತೊಗರಿ ಬ್ಯಾಳಿ ತೂಗೋ ಜಾಗದಾಗ?" ಅಂತ ನಕ್ಕರು.

ತೂಕ ಬರೀ ಸುಳಿವು, ಪತ್ತಿ ಅಳೆದರೆ ಖಾತ್ರಿ. ಸುರುಳಿಯ ನಡುವೆ ಹಾದು ಹೋಗುವ ನಡುಗಾಲಿನ ಅಗಲ 3.2 ಸೆಂ.ಮೀ., ಪತ್ತಿಗಳ ಒಟ್ಟು ದಪ್ಪ 4 ಸೆಂ.ಮೀ. ಗುಣಿಸಿ, ಪತ್ತಿಗಳ ನಡುವಿನ ವಾರ್ನಿಶ್‌ಗೆ ಹತ್ತರಲ್ಲಿ ಒಂದು ಪಾಲು ಕಳೆದರೆ 11.5 ಚದರ ಸೆಂ.ಮೀ. ಇದನ್ನು 1.15ರಿಂದ ಭಾಗಿಸಿ, ಬಂದ ಅಂಕಿಯನ್ನು ಅದೇ ಅಂಕಿಯಿಂದ ಗುಣಿಸಿದರೆ ಸುಮಾರು ವಿಎ ಸಿಗುತ್ತದೆ. ಇದು ವೈಂಡಿಂಗ್ ಮಾಡುವವರ ಹಳೇ ಲೆಕ್ಕ. ನೂರು ಬಂತು. 280 ಅಂತ ಬರೆದ ವಸ್ತು 100. ಐದು ಆಂಪ್ ಅಂತ ಬರೆದದ್ದು ಎರಡು ಆಂಪೂ ಇಲ್ಲ.

ಇನ್ನೊಂದು ಪರೀಕ್ಷೆ ಮಾಡಿದೆವು. ಸುರುಳಿಯಿಂದ ಹೊರಬಂದ ತಂತಿಯ ತುದಿಯ ಎನಾಮಲ್ ಅನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣದ್ದೇ ಲೇಪ. ಕೆಳಗೆ ಬಿಳಿ. ಮತ್ತೆ ಕೆರೆದೆ, ಸವರಿದ ಬೆಸುಗೆ ಇರಬಹುದು ಅಂತ. ಒಳಗಿನವರೆಗೂ ಬಿಳಿಯೇ. ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರಕ್ಕಿಂತ ಇದರ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ. ಅಲ್ಯೂಮಿನಿಯಂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದಪ್ಪ ಹೆಚ್ಚಿಸಿ ಸುತ್ತಿದರೆ ಅದೂ ದುಡಿಯುತ್ತದೆ. ತಾಮ್ರದ ದಪ್ಪವನ್ನೇ ಇಟ್ಟು, ತಾಮ್ರದ ಆಂಪ್ ಬರೆದು ಮಾರುವುದು ತಪ್ಪು.

ಕೊನೆಗೆ ಭಾರ ಹಾಕಿ ನೋಡಿದೆವು. ಲಾರಿಯ ಹೆಡ್‌ಲೈಟ್ ಬಲ್ಬ್ ಎರಡು, 24 ವೋಲ್ಟಿನವು, 70 ವ್ಯಾಟ್ ಎಳೆ. ಒಂದೊಂದು ಕಡೆಗೆ ಒಂದೊಂದು ಕಟ್ಟಿದರೆ ಮೂರು ಆಂಪ್ ಹತ್ತಿರ ಎಳೆಯುತ್ತವೆ. 31.5 ಇದ್ದದ್ದು ತಟಕ್ಕನೆ 25ಕ್ಕೆ ಇಳಿಯಿತು. ಆರೂವರೆ ವೋಲ್ಟ್ ತಂತಿಯಲ್ಲೇ ಬಿಸಿಯಾಗಿ ಹೋಯಿತು. ಇಪ್ಪತ್ತು ನಿಮಿಷಕ್ಕೆ ಪತ್ತಿಯ ಮೇಲೆ ಬೆರಳಿಡಲು ಆಗಲಿಲ್ಲ. ಖಾಲಿ ಇದ್ದಾಗ ಜಾಸ್ತಿ ಏರುವುದು, ಭಾರ ಬಿದ್ದಾಗ ಜಾಸ್ತಿ ಕುಸಿಯುವುದು, ಎರಡೂ ಒಂದೇ ರೋಗ.

ಹಾಗಾದರೆ ಯಾವುದು?

ಲೆಕ್ಕವನ್ನು ಈ ಸಲ ಹಿಂದಿನಿಂದ ಶುರು ಮಾಡಿದೆವು, ಮುಂಜಾನೆ ಐದರಿಂದ. ಲೈನು 256 ಇದ್ದು, ಏನೂ ಹಾಡದೆ ಇದ್ದಾಗಲೂ ಕೆಪಾಸಿಟರ್ ಮೇಲಿನ ಡಿಸಿ 30 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲಬೇಕು. ಅಲ್ಲಿಂದ ಕೆಳಗೆ ಇಳಿದು ಬಂದರೆ 18-0-18 ಸಿಗುತ್ತದೆ.

ಹುಡುಗನಿಗೆ ಸಮಾಧಾನ ಇಲ್ಲ. 28ರಿಂದ 18ಕ್ಕೆ ಇಳಿದರೆ ಆವಾಜ್ ಅರ್ಧ ಆಗುವುದಿಲ್ಲವೇ? ಆಗುವುದಿಲ್ಲ. 230ರಲ್ಲಿ ಭಾರ ಹೊತ್ತಾಗ 18-0-18ರಿಂದ 24.5 ವೋಲ್ಟ್ ಸಿಗುತ್ತದೆ. ಕೆಪಾಸಿಟರಿನ ಏರಿಳಿತಕ್ಕೆ 3, ಚಿಪ್ ತನಗೇ ಇಟ್ಟುಕೊಳ್ಳುವುದಕ್ಕೆ 3 ಕಳೆದರೆ ಸ್ಪೀಕರಿಗೆ 18.5 ವೋಲ್ಟಿನ ತುದಿ ಉಳಿಯುತ್ತದೆ. ಅದನ್ನು ಅದರಿಂದಲೇ ಗುಣಿಸಿ, 4 ಓಮ್‌ನ ಎರಡು ಪಟ್ಟು ಅಂದರೆ 8ರಿಂದ ಭಾಗಿಸು. ಒಂದು ಕಡೆಗೆ 40 ವ್ಯಾಟ್ ಮೇಲೆ. ಸಂಜೆ ಲೈನು 204ಕ್ಕೆ ಬಿದ್ದಾಗಲೂ 30ರ ಸುತ್ತ. ಮನೆಯ ಪಡಸಾಲೆ 12 ಅಡಿಗೆ 14 ಅಡಿ. ಅಲ್ಲಿ 30 ವ್ಯಾಟ್ ಪೂರ್ತಿ ಹಾಡಿಸಿದರೆ ಅಕ್ಕ ಬಡಿಗೆ ಹಿಡಿದು ಬರುತ್ತಾಳೆ. ಇನ್ನು ಕಿವಿಯ ವಿಷಯ. ವ್ಯಾಟ್ ಎರಡು ಪಟ್ಟಾದರೂ ಏರುವುದು 3 ಡೆಸಿಬೆಲ್ ಮಾತ್ರ, ಕೇಳುವವರಿಗೆ "ಸ್ವಲ್ಪ ಜಾಸ್ತಿ" ಅನ್ನಿಸುತ್ತದೆ ಅಷ್ಟೇ. ಬಿಸಿ ಮಾತ್ರ 55ರಿಂದ 30 ವ್ಯಾಟಿಗೆ ಬರುತ್ತದೆ. ನಿಜ ಹೇಳಬೇಕೆಂದರೆ ಮುತ್ಯಾನ ವಚನಕ್ಕೆ 12-0-12 ಕೂಡ ಸಾಕಿತ್ತು, ಅದರಲ್ಲೂ 15 ವ್ಯಾಟ್ ಹತ್ತಿರ ಬರುತ್ತದೆ. ಆದರೆ ಮನೆಯಲ್ಲಿ ಮುತ್ಯಾ ಒಬ್ಬರೇ ಅಲ್ಲವಲ್ಲ.

ವಿಎ ಎಷ್ಟು? ಎರಡೂ ಕಡೆ ಸೇರಿ 80-85 ವ್ಯಾಟ್ ಹೊರಗೆ ಬರಬೇಕು. ಹಾಡು ಅನ್ನುವುದು ಯಾವಾಗಲೂ ತುದಿಯಲ್ಲೇ ಇರುವುದಿಲ್ಲ, ಏರಿಳಿಯುತ್ತದೆ. ಒಂದೂವರೆ ಪಟ್ಟು ಇಟ್ಟರೆ ಸಾಕು ಅನ್ನುವುದು ರೂಢಿ. ನಮ್ಮ ಬಿಸಿಲು ನೋಡಿ ನಾನು ಸ್ವಲ್ಪ ಮೇಲೆ ಇಟ್ಟೆ, 150 ವಿಎ. 36ರಿಂದ ಭಾಗಿಸಿದರೆ 4.2 ಆಂಪ್. ಚೀಟಿಯಲ್ಲಿ ನೋಡಿದರೆ ಐದಕ್ಕಿಂತ ಕಮ್ಮಿ, ತಕ್ಕಡಿಯಲ್ಲಿ ನೋಡಿದರೆ ಜಾಸ್ತಿ.

ಟೊರಾಯ್ಡ್ ತರೋಣ ಅಂದ ಹುಡುಗ. ಬಳೆಯಾಕಾರದ ಟ್ರಾನ್ಸ್‌ಫಾರ್ಮರ್, ನೋಡಲೂ ಚೆಂದ. ಸುತ್ತಲೂ ಹರಡುವ ಕಾಂತದ ಕಾಟ ಕಮ್ಮಿ, ಜಾಗ ಕಮ್ಮಿ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಸಿಗಬಹುದು. ಆದರೆ ಹಚ್ಚಿದ ಕ್ಷಣ ಭಾರೀ ಕರೆಂಟ್ ಎಳೆಯುತ್ತದೆ, ದುಡ್ಡೂ ಜಾಸ್ತಿ. ಮೇಲಾಗಿ ರೆಡಿ ಸಿಗುವುದು ಲೈನು 230 ಅಂತ ನಂಬಿಕೊಂಡು ಸುತ್ತಿದ್ದು. ಸ್ಟೆಬಿಲೈಜರ್ ಹಾಕಿದರೆ ಏನು ಅಂತಲೂ ಕೇಳಿದ. ಹಾಕಬಹುದು. ಅದರ ರಿಲೇ ಟಕ್ ಅಂದಾಗಲೆಲ್ಲ ವೋಲ್ಟ್ ಜಿಗಿಯುತ್ತದೆ, ಮತ್ತೆ ತಪ್ಪು ಟ್ರಾನ್ಸ್‌ಫಾರ್ಮರ್ ತಪ್ಪಾಗಿಯೇ ಉಳಿಯುತ್ತದೆ.

ಹಾಗಾಗಿ ಗಂಜ್ ಕಡೆ ಹೋದೆವು. ಅಲ್ಲಿ ಪಂಪಿನ ಮೋಟಾರ್ ವೈಂಡಿಂಗ್ ಮಾಡುವ ಒಬ್ಬ ಚಾಚಾ ಇದ್ದಾರೆ, ಟ್ರಾನ್ಸ್‌ಫಾರ್ಮರನ್ನೂ ಸುತ್ತಿ ಕೊಡುತ್ತಾರೆ. ಹಳೆಯದನ್ನು ಕೈಯಲ್ಲಿ ಹಿಡಿದು, ಒಮ್ಮೆ ಮೇಲೆ ಕೆಳಗೆ ಆಡಿಸಿ, "ಚೀಟಿ ಮ್ಯಾಲ ಏನ್ ಬೇಕಾದ್ರೂ ಬರೀಬಹುದ್ರಿ. ಪತ್ತಿ ಸುಳ್ಳು ಹೇಳಂಗಿಲ್ಲ" ಅಂದರು. ಇದನ್ನೇ ಬಿಚ್ಚಿ ಮತ್ತೆ ಸುತ್ತಬಹುದಾ ಅಂತ ಹುಡುಗ ಕೇಳಿದ. "ನಕ್ಕೋ" (ಬೇಡ) ಅಂದರು, ಒಂದೇ ಮಾತು. ಪತ್ತಿಯೇ ಸಣ್ಣದು.

ಗುಂಯ್ ಅನ್ನುವುದರ ಕಾರಣವನ್ನೂ ಅವರೇ ತೋರಿಸಿದರು. ಪ್ರೈಮರಿಯಲ್ಲಿ, ಅಂದರೆ ಲೈನಿಗೆ ಹಚ್ಚುವ ಸುರುಳಿಯಲ್ಲಿ, ಸುತ್ತು ಕಮ್ಮಿ ಹಾಕಿ ತಂತಿ ಉಳಿಸಿರುತ್ತಾರೆ. ಲೈನು 230ರಲ್ಲೇ ಕಬ್ಬಿಣ ಹೊಟ್ಟೆ ತುಂಬ ಉಂಡು ಕೂತಿರುತ್ತದೆ. 256 ಬಂದರೆ ಹಿಡಿಸುವುದಿಲ್ಲ. ಪತ್ತಿ ನಡುಗುತ್ತದೆ, ಪ್ರೈಮರಿ ಸುಮ್ನೆ ಕರೆಂಟ್ ಕುಡಿಯುತ್ತದೆ.

ನಾವು ಒಪ್ಪಿಕೊಂಡದ್ದು ಇಷ್ಟು. ನಡುಗಾಲು 3.8 ಸೆಂ.ಮೀ., ದಪ್ಪ 4.2 ಸೆಂ.ಮೀ. ವೋಲ್ಟಿಗೆ 3 ಸುತ್ತು. ಪ್ರೈಮರಿ 690 ಸುತ್ತು, 23 ಗೇಜ್ ದಪ್ಪದ ತಂತಿ. ಸೆಕೆಂಡರಿ, ಅಂದರೆ ವೋಲ್ಟ್ ಹೊರಗೆ ಕೊಡುವ ಸುರುಳಿ, 58 ಮತ್ತು 58, 17 ಗೇಜ್. 18ಕ್ಕೆ 54 ಸುತ್ತು ಸಾಕಿತ್ತು, ತಂತಿಯಲ್ಲಿ ಕಳೆಯುವುದಕ್ಕೆ ನಾಲ್ಕು ಜಾಸ್ತಿ. ಎಲ್ಲ ತಾಮ್ರ. ವೋಲ್ಟಿಗೆ ಎರಡೂವರೆ ಸುತ್ತಿಗೂ ಕೆಲಸ ನಡೆಯುತ್ತಿತ್ತು, ತಂತಿ ಉಳಿಯುತ್ತಿತ್ತು. ಆದರೆ ಮೂರು ಹಾಕಿದರೆ 256 ಬಂದಾಗಲೂ ಕಬ್ಬಿಣದಲ್ಲಿ ಕಾಂತದ ಸಾಂದ್ರತೆ 1.2 ಟೆಸ್ಲಾ ಆಸುಪಾಸಿನಲ್ಲೇ ಇರುತ್ತದೆ, ಪತ್ತಿ ಮಾತಾಡುವುದಿಲ್ಲ.

ಸುತ್ತುವಾಗ ಹುಡುಗನನ್ನು ಅಲ್ಲೇ ಕೂರಿಸಿದೆ. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ, ಇನ್ನೊಂದರ ಹೆಬ್ಬೆರಳು ತೋರುಬೆರಳ ನಡುವೆ ತಂತಿ ಬಿಡುತ್ತಿದ್ದರು ಚಾಚಾ. ಕೌಂಟರ್ ಟಿಕ್ ಟಿಕ್ ಅನ್ನುತ್ತಿತ್ತು. ಒಂದು ಸಾಲು ಮುಗಿದರೆ ಕಾಗದ, ಮತ್ತೆ ಸಾಲು. ಪ್ರೈಮರಿ ಮುಗಿದ ಮೇಲೆ ದಪ್ಪ ಲೆದರಾಯ್ಡ್ ಕಾಗದ ಎರಡು ಸುತ್ತು. ಎಲ್ಲ ಮುಗಿದಾಗ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿ ಪ್ರೈಮರಿಗೂ ಸೆಕೆಂಡರಿಗೂ, ಪ್ರೈಮರಿಗೂ ಪತ್ತಿಗೂ ಸಂಪರ್ಕ ಇಲ್ಲ ಅಂತ ತೋರಿಸಿದರು. ಈ ಒಂದು ಪರೀಕ್ಷೆ ಮಾಡದೆ ಯಾರ ಹತ್ತಿರವೂ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಬೇಡಿ, ಇದು ಜೀವದ ವಿಷಯ. ವಾರ್ನಿಶ್‌ನಲ್ಲಿ ಅದ್ದಿ ಮಾಳಿಗೆಯ ಶಹಾಬಾದಿ ಫರಸಿ ಮೇಲೆ ಎರಡು ದಿನ ಇಟ್ಟರು. ಮೇ ತಿಂಗಳಲ್ಲಿ ನಮ್ಮ ಊರಿಗೆ ಬೇರೆ ಓವನ್ ಯಾಕೆ!

ಹಚ್ಚಿದ ದಿನ

ತೂಕ 3 ಕಿಲೋ 200 ಗ್ರಾಂ. ಮೊದಲು ಸೀರೀಸ್ ಬಲ್ಬಿನ ಮೂಲಕ, ಅಂದರೆ ಲೈನಿನ ದಾರಿಯಲ್ಲೇ ಒಂದು ಬಲ್ಬ್ ಕಟ್ಟಿ, ಹಚ್ಚಿದೆವು. 100 ವ್ಯಾಟಿನ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು, ಅಂದರೆ ಒಳಗೆ ಶಾರ್ಟ್ ಇಲ್ಲ. 230ರಲ್ಲಿ ಖಾಲಿ 19.3 ವೋಲ್ಟ್. ಅದೇ ಲಾರಿ ಬಲ್ಬ್ ಕಟ್ಟಿದರೆ 18ರ ಮೇಲೆಯೇ ನಿಂತಿತು. ಕೆಪಾಸಿಟರ್ 10,000 ಮೈಕ್ರೊಫ್ಯಾರಡ್ 50 ವೋಲ್ಟಿನವು ಹಾಕಿದೆವು, ತಂತಿ ಎಳೆಯ ಜಾಗಕ್ಕೆ 1 ಆಂಪಿನ ಸ್ಲೋ ಬ್ಲೋ ಫ್ಯೂಸ್. ಡಬ್ಬಿಗೂ ಪತ್ತಿಗೂ ಅರ್ಥಿಂಗ್.

ಎಲ್ಲ ಸರಿ, ಆದರೆ ಬಲ ಸ್ಪೀಕರಿನಲ್ಲಿ ಸಣ್ಣ ಹಮ್. ಆವಾಜ್ ಪೂರ್ತಿ ಇಳಿಸಿದರೂ ಹೋಗುತ್ತಿಲ್ಲ. ಬಲ ಬೋರ್ಡ್ ಟ್ರಾನ್ಸ್‌ಫಾರ್ಮರಿಗೆ ಹತ್ತಿರ ಇತ್ತು. ಇ-ಐ ಪತ್ತಿಯ ದೊಡ್ಡ ದೋಷ ಇದೇ. ಆಫ್ ಮಾಡಿ ಬೋಲ್ಟ್ ಸಡಿಲಿಸಿ ಕಾಲು ಸುತ್ತು ತಿರುಗಿಸಿ ಇಟ್ಟೆ. ಹುಡುಗ ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದ. ಹಚ್ಚಿದರೆ ಅರ್ಧ ಕಮ್ಮಿ. ಆಮೇಲೆ ನಡು ತಂತಿಯನ್ನು ಬೋರ್ಡಿಗೆ ಕಟ್ಟಿದ್ದನ್ನು ಬಿಡಿಸಿ, ನೇರ ಎರಡು ಕೆಪಾಸಿಟರ್ ಕೂಡುವ ಜಾಗಕ್ಕೆ ತಂದು, ಸ್ಪೀಕರಿನ ನೆಲವನ್ನೂ ಬೋರ್ಡಿನ ನೆಲವನ್ನೂ ಅಲ್ಲಿಂದಲೇ ತೆಗೆದೆವು. "ಹೋಯ್ತು ಮಾಮಾ" ಅಂದ. ನಾನೂ ಕಿವಿ ಹಚ್ಚಿ ನೋಡಿದೆ. ಬರೀ ಫ್ಯಾನಿನ ಆವಾಜ್.

ಮರುದಿನ ಮುಂಜಾನೆ ಐದಕ್ಕೆ ಅವನೇ ಎದ್ದು ಮೀಟರ್ ಹಿಡಿದು ಫೋನ್ ಮಾಡಿದ. ಲೈನು 255, ಡಿಸಿ 29.1. ಹಿಂದೆ ವಚನ ಹಾಡುತ್ತಿತ್ತು. ಮಧ್ಯಾಹ್ನ ಆವಾಜ್ ಕಟ್ ಆಗುವುದೂ ನಿಂತಿದೆ, ಎರಡು ಗಂಟೆ ಹಾಡಿಸಿದರೂ ಬಾಯಿ ಮುಚ್ಚುವುದಿಲ್ಲವಂತೆ. ಅಕ್ಕ ಅದನ್ನು ಒಳ್ಳೆಯ ಸುದ್ದಿ ಅಂತ ತೆಗೆದುಕೊಂಡಿಲ್ಲ.

ಹಳೇ ಟ್ರಾನ್ಸ್‌ಫಾರ್ಮರನ್ನು ಚಾಚಾಗೇ ಕೊಟ್ಟುಬಿಡೋಣ ಅಂತ ಹೋದೆವು. ಅವರು ತಕ್ಕಡಿಗೆ ಹಾಕಿ, ಪತ್ತಿಗೆ ಕಬ್ಬಿಣದ ಭಾವ ಹೇಳಿದರು. ತಂತಿಗೆ ತಾಮ್ರದ ಭಾವ ಸಿಗುತ್ತದೆ ಅಂತ ಹುಡುಗ ಕಾಯುತ್ತಿದ್ದ, ಅಂಗಡಿಯಲ್ಲಿ ತಾಮ್ರದ ದುಡ್ಡೇ ಕೊಟ್ಟಿದ್ದನಲ್ಲ. ಚಾಚಾ ನಾನು ಕೆರೆದಿದ್ದ ಬಿಳಿ ತುದಿಯನ್ನು ಎತ್ತಿ ಹಿಡಿದು ಅವನ ಮುಖ ನೋಡಿದರು.